ಗೆರೆ ದಾಟದ ಕೋಶಗಳು

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಸೇರಿದ್ದು ಸೀಸೆ ತೊಳೆಯುವ ಕೆಲಸಕ್ಕೆ. ಮೂರನೇ ವರ್ಷ ಒಬ್ಬ ವಿದ್ಯಾರ್ಥಿ ಜ್ವರ ಬಂದು ಮಲಗಿದ. ಅವನ ಕ್ಯಾನ್ಸರ್ ಕೋಶಗಳಿಗೆ ಆಹಾರದ ದ್ರವ ಬದಲಿಸಲು ಯಾರೂ ಇಲ್ಲದೆ ಈಕೆಯೇ ಕೈ ಹಾಕಿದಳು. ಅವನು ಮರಳಿ ಬರುವಷ್ಟರಲ್ಲಿ ಕೋಶಗಳು ಅವನ ಕಾಲಕ್ಕಿಂತ ಚೆನ್ನಾಗಿ ಮೈಕೈ ತುಂಬಿಕೊಂಡಿದ್ದವು. ಸೀಸೆ ತೊಳೆಯಲು ಬೇರೆಯವರು ಬಂದರು.

ಅಡ್ಡಹೆಸರು ಬಂದದ್ದು ಆಮೇಲೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕೋಶಗಳು ಒತ್ತೊತ್ತಾಗಿ ಹಾಸಿನಂತೆ ಬೆಳೆದ ಮೇಲೆ, ಮೊನಚಾದ ಕೊಳವೆಯಿಂದ ನಡುವೆ ಒಂದು ಗೆರೆ ಎಳೆಯಬೇಕು. ಅಲ್ಲಿನ ಕೋಶಗಳು ಎದ್ದುಹೋಗಿ ಖಾಲಿ ಓಣಿ ಉಳಿಯುತ್ತದೆ. ಎರಡೂ ಬದಿಯ ಕೋಶಗಳು ಎಷ್ಟು ಬೇಗ ಆ ಓಣಿಗೆ ನುಗ್ಗುತ್ತವೆ ಎಂದು ನೋಡಿದರೆ, ಹರಡುವ ಚಾಳಿ ಅವಕ್ಕೆ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ದೊಡ್ಡ ದೊಡ್ಡ ಡಿಗ್ರಿಯವರು ಎಳೆದರೂ ಹಾವು ಹರಿದಂತಾಗುತ್ತಿತ್ತು. ಈಕೆ ಉಸಿರು ಬಿಗಿಹಿಡಿದು ಎಳೆದರೆ ಅಳತೆಪಟ್ಟಿ ಇಟ್ಟಂತೆ ನೆಟ್ಟಗೆ.

ಮನೆಯಲ್ಲಿ ಅತ್ತೆಗೆ ಇದು ಹೆಮ್ಮೆಯ ವಿಷಯ. "ನಮ್ ಸೊಸೆ ಕ್ಯಾನ್ಸರ್ ಸಾಕ್ತಾಳೆ" ಎಂದು, ಗಿಳಿ ಸಾಕಿದ್ದಾಳೆ ಎನ್ನುವ ಧಾಟಿಯಲ್ಲಿ, ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯಾಕೆಗೆ ಹೇಳಿಬಿಟ್ಟರು. ಮಾರನೆಯ ದಿನದಿಂದ ಆಕೆ ಸಕ್ಕರೆ ಕೇಳಲು ಬರುವುದು ನಿಂತಿತು. ಅತ್ತೆಗೆ ಖುಷಿಯೋ ಖುಷಿ.

ಗಂಡ ಕ್ಷೌರಿಕ. ಅವನ ತಕರಾರು ಬೇರೆ.

"ಭಾನುವಾರನೂ ಹೋಗ್ಬೇಕಾ? ಅವು ಒಂದಿನ ಉಪವಾಸ ಇದ್ರೆ ಏನಾಗುತ್ತೆ?"

"ಸಾಯ್ತವೆ."

"ಕ್ಯಾನ್ಸರ್ ಸಾಯ್ಲಿ ಅಂತ ತಾನೇ ನಿಮ್ಮ ಆಫೀಸ್ ಇರೋದು?"

ಗೆರೆಯಕ್ಕ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು.

ಅಲ್ಲಿನ ಪ್ರೊಫೆಸರ್ ಹದಿನೈದು ವರ್ಷದಿಂದ ಒಂದೇ ಪ್ರೊಟೀನಿನ ಬೆನ್ನು ಬಿದ್ದಿದ್ದರು. ಕೋಶ ಬೇಕಾಬಿಟ್ಟಿ ಇಬ್ಭಾಗವಾಗದಂತೆ ಕಡಿವಾಣ ಹಾಕುವ ಪ್ರೊಟೀನು ಅದು. "ನನ್ನ ಪ್ರೊಟೀನು" ಎಂದೇ ಹೇಳುತ್ತಿದ್ದರು. ಬೆಳವಣಿಗೆಯನ್ನು ತಡೆಯುವಂಥದ್ದು ಹರಡುವುದನ್ನೂ ತಡೆದೇ ತಡೆಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಅದನ್ನು ತೋರಿಸಿಕೊಡುವ ಕೆಲಸ ದಪ್ಪ ಕನ್ನಡಕದ ಒಬ್ಬ ಸಂಶೋಧಕಿಗೆ ಬಿತ್ತು.

ಆಕೆ ಕೆಲವು ತಟ್ಟೆಗಳಲ್ಲಿ ಪ್ರೊಟೀನು ತಯಾರಾಗದಂತೆ ಮಾಡಿದಳು. ಗೆರೆಯಕ್ಕ ಗೆರೆ ಎಳೆದಳು. ಮರುದಿನ ನೋಡಿದರೆ, ಕಡಿವಾಣ ತಪ್ಪಿದ ಕೋಶಗಳು ಎಣಿಸಿದಂತೆಯೇ ಎರಡರಷ್ಟಾಗಿ ಕಿಕ್ಕಿರಿದಿದ್ದವು. ಆದರೆ ಒಂದೂ ಓಣಿಗೆ ಕಾಲಿಟ್ಟಿರಲಿಲ್ಲ. ಪ್ರೊಟೀನು ಇದ್ದ ಕೋಶಗಳೇ ಅರ್ಧ ಓಣಿ ಆಕ್ರಮಿಸಿ ಕೂತಿದ್ದವು. ಎಲ್ಲ ಉಲ್ಟಾ.

ಪ್ರೊಫೆಸರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಗೆರೆ ಅಗಲ ಆಗಿದೆ" ಎಂದರು.

ಗೆರೆಯಕ್ಕನ ಕಿವಿ ಕೆಂಪಾಯಿತು. "ಹಾಗಾದ್ರೆ ನೀವೇ ಎಳೀರಿ ಸಾರ್."

ಅವರು ತಟ್ಟೆ ಮುಟ್ಟಿ ಹನ್ನೊಂದು ವರ್ಷವಾಗಿತ್ತು. ಬಿಳಿ ಕೋಟಿನ ಗುಂಡಿಗಳು ಹೊಟ್ಟೆಯ ಮೇಲೆ ಕೂಡಲಿಲ್ಲ. ಎಳೆದ ಮೊದಲ ಗೆರೆ ನಡುದಾರಿಯಲ್ಲಿ ಕವಲೊಡೆಯಿತು. "ಈ ಕೊಳವೆ ಸರಿ ಇಲ್ಲ" ಎಂದರು. ಬೇರೆ ಕೊಳವೆ ಬಂತು. ಎರಡನೇ ತಟ್ಟೆಯಲ್ಲಿ ಗೆರೆ ಹೋಗಲಿ, ಕಸ ಗುಡಿಸಿದಂತೆ ಕೋಶಗಳೇ ಉಳಿಯಲಿಲ್ಲ. ಸಂಶೋಧಕಿ ಕೆಮ್ಮು ಬಂದವಳಂತೆ ಹೊರಗೋಡಿದಳು.

"ಒಂದ್ ಕೆಲ್ಸ ಮಾಡಿ" ಎಂದಳು ಗೆರೆಯಕ್ಕ. "ಯಾವ ತಟ್ಟೇಲಿ ಏನಿದೆ ಅಂತ ನಮಗಿಬ್ರಿಗೂ ಹೇಳ್ಬೇಡಿ. ಬರೀ ನಂಬರ್ ಅಂಟ್ಸಿ ಕೊಡಿ. ನಾನು ಎಳೀತೀನಿ, ಆ ಕನ್ನಡಕದ ಹುಡುಗಿ ಅಳೀತಾಳೆ. ಆಮೇಲೆ ನೋಡೋಣ, ತಪ್ಪು ಯಾರದ್ದು ಅಂತ."

ಪ್ರೊಫೆಸರ್ ಮೂವತ್ತು ತಟ್ಟೆಗೆ ನಂಬರು ಅಂಟಿಸಿ, ಯಾವ ನಂಬರಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡರು. ಅಳತೆಯೆಲ್ಲ ಮುಗಿದು ಪಟ್ಟಿ ಕೇಳಿದಾಗ ಜೇಬು ತಡಕಿದರು, ಮನೆಗೆ ಫೋನು ಮಾಡಿದರು. ಹೆಂಡತಿಯ ದನಿ ಪಕ್ಕದವರಿಗೂ ಕೇಳಿಸಿತು: "ಆ ಅಂಗಿನಾ? ಒಗೆದು ಹಾಕಾಯ್ತಲ್ಲ!"

ಮತ್ತೆ ಮೂವತ್ತು ತಟ್ಟೆ. ಈ ಸಲ ಪಟ್ಟಿ ಬೀಗ ಹಾಕಿದ ಡ್ರಾಯರಿನಲ್ಲಿತ್ತು. ತೆಗೆದು ಹೋಲಿಸಿದರೆ ಅದೇ ಉಲ್ಟಾ ಫಲಿತಾಂಶ. ಮೂರನೇ ಸಲವೂ ಅದೇ. ಪ್ರೊಫೆಸರ್ ಎರಡೂ ಪಟ್ಟಿಗಳನ್ನು ಮಡಿಚಿ ಡ್ರಾಯರಿಗೆ ಹಾಕಿದರು. ನಂತರ ಗೆರೆಯಕ್ಕನ ಕಡೆ ತಿರುಗಿ, "ಗೆರೆ ಸರಿಯಾಗೇ ಇತ್ತು. ನಂದೇ ತಪ್ಪು" ಎಂದರು. ಅವರ ಮುಖ ನೋಡಿ ಆಕೆಗೆ ಗೆದ್ದ ಖುಷಿಯೂ ಉಳಿಯಲಿಲ್ಲ. ಹೋಗಿ ಒಂದು ಲೋಟ ಚಹಾ ತಂದಿಟ್ಟಳು.

ಒಳಗಿನ ಗುಟ್ಟು ತಿಳಿಯಲು ಸಂಶೋಧಕಿಗೆ ಇನ್ನೊಂದು ವರ್ಷ ಹಿಡಿಯಿತು. ಆ ಪ್ರೊಟೀನು ಕೋಶದ ನಡುವಿನ ಕೇಂದ್ರದಲ್ಲಿದ್ದರೆ ಬೆಳವಣಿಗೆಗೆ ಲಗಾಮು. ಅಲ್ಲಿಂದ ಹೊರಬಿದ್ದರೆ ಕೋಶದ ಹಿಡಿತ ಸಡಿಲಿಸಿ ನಡೆದಾಡಲು ಬಿಡುತ್ತದೆ. ಗೆರೆಯಕ್ಕ ಇದನ್ನು ಊಟದ ಹೊತ್ತಿಗೆ ಅತ್ತೆಗೆ ಹೇಳಿದಳು.

"ಒಳಗಿದ್ರೆ ಸಾಧು, ಹೊರಗೆ ಬಿದ್ರೆ ಪುಂಡ" ಎಂದರು ಅತ್ತೆ. "ನನ್ನ ಎರಡನೇ ಮಗನ ಥರ ಅನ್ನು. ಸರಿ, ಔಷಧಿ ಬಂತಾ?"

"ಇನ್ನೂ ಇಲ್ಲ. ಆ ಪ್ರೊಟೀನನ್ನ ಕಣ್ಮುಚ್ಚಿ ಹೆಚ್ಚಿಸಬಾರ್ದು, ಕಣ್ಮುಚ್ಚಿ ತೆಗೀಲೂಬಾರ್ದು ಅಂತ ಗೊತ್ತಾಯ್ತು."

"ಏನ್ ಮಾಡಬಾರ್ದು ಅಂತ ತಿಳ್ಕೊಳ್ಳೋಕೆ ಭಾನುವಾರನೂ ಹೋದ್ಯಾ!"

ವರದಿ ಅಚ್ಚಾದ ಮೇಲೆ ಬೇರೊಂದು ಊರಿನ ಪ್ರಯೋಗಾಲಯದಿಂದ ಪತ್ರ ಬಂತು: ಗೆರೆಯೇ ಸರಿಬರುತ್ತಿಲ್ಲ, ದಯವಿಟ್ಟು ಎಳೆಯುವವರನ್ನು ಕಳಿಸಿ. ಗೆರೆಯಕ್ಕ ಗಂಡನೊಂದಿಗೆ ರೈಲು ಹತ್ತಿದಳು. ಎರಡು ದಿನ ಆಕೆ ಏಳು ಜನಕ್ಕೆ ಕೈ ಹಿಡಿದು ಕಲಿಸಿದಳು. ಹೊರಗೆ ಕಾದು ಬೇಸತ್ತ ಗಂಡ ಅಲ್ಲಿನ ಮುಖ್ಯಸ್ಥರ ತಲೆಗೂದಲು ನೋಡಿ ತಡೆಯಲಾರದೆ ಕಾರಿಡಾರಿನಲ್ಲೇ ಕತ್ತರಿ ತೆಗೆದ.

ವಾಪಸು ಬರುವಾಗ ಗಂಡ ಕೇಳಿದ: "ಅವ್ರಿಗೆ ಬಂತಾ?"

"ನಾಲ್ಕು ಜನಕ್ಕೆ ಬಂತು. ಉಳಿದ ಮೂವರು ಪ್ರೊಫೆಸರ್ ಆಗ್ತಾರೆ."

ಎರಡು ತಿಂಗಳಾದ ಮೇಲೆ ಅಲ್ಲೂ ಅದೇ ಫಲಿತಾಂಶ ಬಂದ ಸುದ್ದಿ ತಲುಪಿತು. ಪ್ರೊಫೆಸರ್ ಕಾಗದ ಹಿಡಿದು ತಾವೇ ಓಡಿಬಂದರು. ಗೆರೆಯಕ್ಕ ತಟ್ಟೆಯ ಮೇಲೆ ಬಾಗಿದ್ದಳು.

"ಅಲ್ಲೇ ನಿಲ್ಲಿ ಸಾರ್, ಕೈ ಅಲುಗುತ್ತೆ."

ಅವರು ಕಾಗದವನ್ನು ಎದೆಗೊತ್ತಿಕೊಂಡು, ಆಕೆ ತಲೆ ಎತ್ತುವವರೆಗೂ ಬಾಗಿಲಲ್ಲೇ ನಿಂತರು.