ಕಾರ್ಡಿನ ಡಾಕ್ಟರು

ಠಾಣೆ ಶಹರದ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ನನಗೆ ಪಗಾರದ ಜೊತೆ ಸರ್ಕಾರಿ ವಿಮೆಯ ಕಾರ್ಡೂ ಇದೆ. ಅದನ್ನು ತೋರಿಸಿದರೆ ನನಗೂ ಅವ್ವನಿಗೂ ಡಾಕ್ಟರ ಫೀಸಿಲ್ಲ, ಗುಳಿಗೆಯೂ ಪುಕ್ಕಟೆ. ಆ ಕಾರ್ಡನ್ನು ಒಪ್ಪುವ ಡಾಕ್ಟರು ಸಿಗಬೇಕು, ಅಷ್ಟೆ.

ಮೊದಲು ಆ ಚಿಂತೆ ಇರಲಿಲ್ಲ. ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಖೋಲಿ, ಎದುರಿಗೇ ಕಾರ್ಡಿನ ಡಾಕ್ಟರು. ಅವ್ವನಿಗೆ ಬಿಪಿ. ವಿಜಯಪುರದ ಕಡೆಯಿಂದ ಬಂದು ಇಷ್ಟು ವರ್ಷವಾದರೂ ಅವಳ ಮರಾಠಿ ಭಾಜಿ ಮಾರ್ಕೆಟ್ ದಾಟಿಲ್ಲ. ಆ ಮುದುಕ ಡಾಕ್ಟರು ಕಾಲಿನ ಬಾವು ಒತ್ತಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದರು. ಹೊರಡುವಾಗ ಅವ್ವ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾರ ಮನೆಯಿಂದ ಎದ್ದರೂ ‘ಬರ್ತೀನ್ರಿ’ ಎನ್ನುವುದು ನಮ್ಮವರ ರೂಢಿ. ದವಾಖಾನೆಯಲ್ಲಿ ಮಾತ್ರ ಹಾಗೆನ್ನಬಾರದು, ಅಂದರೆ ಬೇನೆ ಮತ್ತೆ ಅಲ್ಲಿಗೇ ಎಳೆದು ತರುತ್ತದಂತೆ. ಒಮ್ಮೆ ನಾನು ಬಾಯಿತಪ್ಪಿ ಅಂದಾಗ ರಟ್ಟೆ ಚಿವುಟಿದ್ದಳು.

ಬಾಡಿಗೆ ಏರಿತು, ದೂರದ ಕಾಮೋಠೆಗೆ ಬಂದೆವು. ತಿಂಗಳಿಗೊಮ್ಮೆ ಅವ್ವನನ್ನೂ ಲೋಕಲ್ ರೈಲಿನ ಗದ್ದಲದಲ್ಲಿ ಠಾಣೆಗೆ ಕರೆದೊಯ್ಯುತ್ತಿದ್ದೆ. ಆಮೇಲೆ ಆ ಡಾಕ್ಟರು ವಯಸ್ಸಾಯಿತೆಂದು ದವಾಖಾನೆ ಮುಚ್ಚಿ ಮಗಳ ಊರಿಗೆ ಹೋದರು. ನನಗೆ ಸಿಟ್ಟು ಬಂತು. ವಯಸ್ಸಾಗುವ ಮುಂಚೆ ಅವರು ನನ್ನನ್ನೊಂದು ಮಾತು ಕೇಳಬೇಕಿತ್ತು ಎಂಬಂಥ ಸಿಟ್ಟು.

ಹುಡುಕಾಟ ಶುರುವಾಯಿತು. ಸ್ಟೇಶನ್ ಹತ್ತಿರದ ದವಾಖಾನೆಯ ಹೊರಗೆ ಕಾರ್ಡ್ ನಡೆಯುತ್ತದೆ ಎಂದು ಬೋರ್ಡಿತ್ತು. ಕೌಂಟರಿನಲ್ಲಿದ್ದವಳು ಮೊಬೈಲಿನಿಂದ ತಲೆ ಎತ್ತದೆ, “ತೋ ಜುನಾ ಬೋರ್ಡ್ ಆಹೇ” ಅಂದಳು. ಹಳೇ ಬೋರ್ಡಂತೆ! ಹಾಗಾದರೆ ಇಳಿಸಬಾರದೇ ತಾಯಿ? ಇನ್ನೊಬ್ಬ ಡಾಕ್ಟರು ಕೊನೆಯ ಪೇಷಂಟ್ ಮುಗಿಯುವವರೆಗೂ ಕೂರಿಸಿಕೊಂಡು, ಕಾರ್ಡ್ ಬಿಟ್ಟುಬಿಟ್ಟಿದ್ದೇವೆ ಎಂದರು. ರೊಕ್ಕ ಕೊಟ್ಟು ಒಮ್ಮೆ ತೋರಿಸಬಹುದು, ತಿಂಗಳು ತಿಂಗಳೂ ನನ್ನ ಕೈಲಾಗುವ ಮಾತಲ್ಲ. ಪ್ರತಿ ಸಲ ಅರ್ಧ ದಿನದ ರಜೆ, ಸೂಪರ್‌ವೈಸರನ ಗಂಟುಮೋರೆ. ಕಾಲೆಳೆದುಕೊಂಡು ಮನೆಗೆ ಬಂದರೆ ಅವ್ವ ಚಹಾ ಕೊಟ್ಟು, “ನನಗೇನಾಗೇತಿ, ಆರಾಮ ಅದೀನಿ ಬಿಡು” ಅನ್ನುತ್ತಿದ್ದಳು. ಅವಳ ಬಾತ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

ಒಂದು ರವಿವಾರ ಗುಳಿಗೆ ಡಬ್ಬಿ ತೆಗೆದು ನೋಡಿದೆ. ಮುದುಕ ಡಾಕ್ಟರು ಕೊಟ್ಟಿದ್ದ, ಎಂದೋ ಮುಗಿಯಬೇಕಿದ್ದ ಗುಳಿಗೆ ಇನ್ನೂ ಉಳಿದಿದ್ದವು. ತಳದಲ್ಲಿ ಮುರಿದ ಅರ್ಧ ಚೂರುಗಳು.

“ಅವ್ವಾ, ಏನಿದು?”

“ಅರ್ಧಾ ತೊಗೊಂಡ್ರೂ ನಡೀತೈತಿ. ಮುಗದ್ರ ನೀ ಮತ್ತ ರಜಾ ಹಾಕಿ ಅಲಿಯಾವ.”

ನಾನು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಅಳು ಬಂತು. ಅವ್ವ ಸತ್ತಿದ್ದರೆ ನನ್ನ ರಜೆ ಉಳಿಸಲು ಸತ್ತಂತಾಗುತ್ತಿತ್ತಲ್ಲ ಎಂದು ಹೆದರಿಕೆಯಾಯಿತು.

ಮರುದಿನ ಮತ್ತೆ ರಜೆ. ಪಕ್ಕದ ಸೆಕ್ಟರಿನಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಸಣ್ಣ ದವಾಖಾನೆ ಇದೆಯೆಂದು ಬಿಲ್ಡಿಂಗಿನ ವಾಚ್‌ಮನ್ ಹೇಳಿದ್ದ. ಅವ್ವ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡಳು. ಮರಾಠಿ ಡಾಕ್ಟರಮ್ಮ. ನಾನು ಕಾರ್ಡು ಚಾಚಿ, ‘ನಾಹೀ’ ಎಂಬ ಮಾತಿಗೆ ಮೊದಲೇ ಅರ್ಧ ಎದ್ದು ನಿಂತಿದ್ದೆ. ಅವರು ನಂಬರ್ ಬರೆದುಕೊಂಡು, “ಬಸಾ ನಾ” ಎಂದು ನನ್ನನ್ನು ಕೂರಿಸಿದರು.

ಬಿಪಿ ನೋಡಿದಾಗ ಅವರ ಮುಖ ಗಂಭೀರವಾಯಿತು. ಅರ್ಧ ಗುಳಿಗೆಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಅವ್ವನ ಪಾದ ಒತ್ತಿ ನೋಡಿ, ಗುಳಿಗೆ ಬದಲಿಸಿ, ರಕ್ತ ತಪಾಸಣೆಗೆ ಬರೆದು, “ಆಜೀ, ದರ ಮಹಿನ್ಯಾಲಾ ಯಾಯ್ಚಂ” ಎಂದರು. ತಿಂಗಳು ತಿಂಗಳು ಬರಬೇಕು. ಅಷ್ಟು ಮರಾಠಿ ಅವ್ವನಿಗೂ ತಿಳಿಯಿತು.

ರೂಢಿಯಂತೆ ನಾನು ಸುಮ್ಮನೆ ಬಾಗಿಲು ದಾಟಿದೆ. ಹಿಂದಿನಿಂದ ಅವ್ವನ ದನಿ ಕೇಳಿಸಿತು, “ಬರ್ತೀನವಾ.”

ಮೆಟ್ಟಿಲ ಮೇಲೆ ರೇಗಿದೆ. “ದವಾಖಾನ್ಯಾಗ ಹಂಗ ಅನಬಾರ್ದು ಅಂತ ನೀನ ಚಿವುಟಿದ್ದೆಲ್ಲ?”

ಅವ್ವ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ಇಳಿಯುತ್ತಿದ್ದಳು.

“ಇಷ್ಟ ಮಂದ್ಯಾಗ ಬಾ ಅಂದಾಕಿ ಇಕಿ ಒಬ್ಬಾಕಿ. ಬರ್ತೀನಿ ಅನ್ನದ ಹೆಂಗ ಬರ್ಲೋ?”