ಸರ್ವರ್ ಮ್ಯಾಲಿನ ಕಾಯಿ

ಕೆಟ್ಟುನಿಂತ ಹಾರ್ಡ್ ಡಿಸ್ಕಿನೊಳಗಿಂದ ದಾಖಲೆ ವಾಪಸ್ ತೆಗೆದುಕೊಡುವವರು ಹೊಸಪೇಟೆಯಲ್ಲಿ ನನಗೆ ಗೊತ್ತಿದ್ದದ್ದು ಒಬ್ಬರೇ. ಹೋದವರಿಗೆಲ್ಲ ಅವರದು ಒಂದೇ ಮಾತು: "ನೀವೇನ್ ಮಾಡಿದ್ರಿ, ಮೊದ್ಲು ಅದನ್ನ ಹೇಳ್ರಿ." ಏನೂ ಮಾಡಿಲ್ಲ, ತಾನಾಗೇ ನಿಂತುಹೋಯ್ತು ಅಂದವರ ಡಿಸ್ಕನ್ನು ಒಂದೇ ಬೆರಳಿನಿಂದ ಮೇಜಿನ ಅಂಚಿಗೆ ಮೆಲ್ಲಗೆ ತಳ್ಳುತ್ತಿದ್ದರು.

ನಾನು ಸಂಡೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದೆ. ಆಯುಧಪೂಜೆಯ ಮರುದಿನ ಸರ್ವರನ್ನೇ ಹೊತ್ತು ತಂದು ಅವರ ಮುಂದೆ ಕೂತೆ. ಅಷ್ಟೂ ಜನರ ಹಳೆಯ ವರದಿ ಅದರಲ್ಲೇ ಇತ್ತು. ಆದರೂ ನಾನು ಹೇಳಿದ್ದು ಅದೇ ಸುಳ್ಳು: ತಾನಾಗೇ ನಿಂತುಹೋಯ್ತು ಅಂತ. ಅವರು ಮುಚ್ಚಳ ಬಿಚ್ಚಿ, ಬಗ್ಗಿ ಮೂಸಿದರು.

"ಕಾಯಿ ಇದರ ಮ್ಯಾಲೇ ಒಡದ್ರೇನು?"

"ಹೂಂರೀ. ಪೂಜಿ ಅಂತ..."

"ಪೂಜಿ ಇರ್ಲಿ. ನೀರು ಬಿದ್ದ ಮ್ಯಾಲೆ ಎಷ್ಟು ಸಲ ಆನ್ ಮಾಡಿದ್ರಿ? ಸುಳ್ಳು ಹೇಳಿದ್ರ ನಾನೂ ತಪ್ಪು ಕಡೆ ಕೈ ಹಾಕ್ತೀನಿ."

"ಮೂರು ಸಲ."

ಬೈಯಲಿಲ್ಲ. ಚೀಟಿಯಲ್ಲಿ ಮೂರು ಅಂತ ಬರೆದುಕೊಂಡರು. "ಎಲ್ಲಿಂದ ಶುರು ಮಾಡ್ಬೇಕಂತ ಈಗ ಗೊತ್ತಾತು. ಎಲ್ಲಾ ಬರ್ತದ, ಹೋಗ್ರಿ." ಸುಟ್ಟ ಬೋರ್ಡ್ ಬದಲಿಸಿ, ನಾಲ್ಕನೆಯ ದಿನ ಒಂದೂ ಬಿಡದೆ ವರದಿಗಳನ್ನೆಲ್ಲ ತೆಗೆದುಕೊಟ್ಟರು.

ಮುಂದಿನ ವರ್ಷ ಆಯುಧಪೂಜೆಯ ಬೆಳಿಗ್ಗೆ ಅವರದೇ ಫೋನ್.

"ಕಾಯಿ ಎಲ್ಲಿ ಒಡೀತೀರಿ?"

"ಹೊರಗ್ರೀ, ಬಾಗ್ಲ ಮುಂದ. ಸರ್ವರಿಗೆ ಬರೀ ಹೂವು."

"ಹಂಗಾರ ನಂದೂ ಒಂದು ಕಾಯಿ ಅಲ್ಲೇ ಒಡೀರಿ" ಅಂದು ಫೋನ್ ಇಟ್ಟರು.