ನಾಲ್ಕನೆಯ ಮೂಲೆಯ ಕಂಬಿ

ಅಂಗಳದಲ್ಲಿ ಎಲ್ಲರ ಬಾಯಲ್ಲೂ ಅವಳು ಮೂಲೆಯಕ್ಕ. ಕಟ್ಟಡಕ್ಕೆ ಬೇಕಾದ ಕಾಂಕ್ರೀಟ್ ಚಪ್ಪಡಿಗಳನ್ನು ಮೊದಲೇ ಎರೆದು ಲಾರಿಗೆ ಏರಿಸುವ ಅಂಗಳ ಅದು. ಕಾಂಕ್ರೀಟಿಗೆ ನೀರುಣಿಸುವ ಕೆಲಸಕ್ಕೆ ಬಂದವಳು, ನೋಡಿ ನೋಡಿಯೇ ಕಂಬಿ ಕಟ್ಟುವುದು ಕಲಿತು, ಇಪ್ಪತ್ತೆರಡು ವರ್ಷದಲ್ಲಿ ಕೈ ಪಳಗಿಸಿಕೊಂಡಿದ್ದಳು. ಪೈಪು ಹೋಗಲು ಚಪ್ಪಡಿಯಲ್ಲಿ ಕಿಂಡಿ ಬಿಟ್ಟರೆ ಅದರ ನಾಲ್ಕು ಮೂಲೆಗೂ ಒಂದೊಂದು ಓರೆಕಂಬಿ ಕಟ್ಟಲೇಬೇಕು. ಎರೆಯುವ ಮೊದಲೇ ಅಚ್ಚಿನ ಉದ್ದಕ್ಕೂ ಎಳೆದು ಬಿಗಿದ ಉಕ್ಕಿನ ತಂತಿಗಳನ್ನು, ಎರೆದದ್ದು ಗಟ್ಟಿಯಾದ ಮೇಲೆ ಮರುದಿನ ತುದಿಯಲ್ಲಿ ಕತ್ತರಿಸಿದಾಗ ಅವು ಕಾಂಕ್ರೀಟನ್ನು ಹಿಡಿದು ಅಮುಕುತ್ತವೆ. ಆಗ ಬಿರುಕು ಬಾಯಿ ಬಿಡುವುದೇ ಕಿಂಡಿಯ ಮೂಲೆಯಲ್ಲಿ. ಜೇಬಿನ ಮೂಲೆಗೆ ದರ್ಜಿ ಹಾಕುವ ಗಟ್ಟಿ ಹೊಲಿಗೆಯಂತೆ ಈ ಓರೆಕಂಬಿ, ಎಂದು ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದಳು.

ಆ ದಿನ ಮೂರು ಮೂಲೆ ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಳಿಯನ ಫೋನು ಬಂತು. ಮಗಳಿಗೆ ಹೆರಿಗೆ ನೋವು. ಕೈಯಲ್ಲಿದ್ದದ್ದನ್ನೆಲ್ಲ ಚೀಲಕ್ಕೆ ತುರುಕಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಸಂಜೆಯ ಹೊತ್ತಿಗೆ ಮೊಮ್ಮಗಳು ಹುಟ್ಟಿದ್ದಳು. ಮೂಗು ಥೇಟ್ ಅಜ್ಜಿಯದೇ ಎಂದು ನರ್ಸಮ್ಮ ಅಂದಿದ್ದೇ ತಡ, ಹಿಗ್ಗಿ ಹೀರೇಕಾಯಿಯಾದಳು.

ಕೂಸಿಗೆಂದು ವಾರದಿಂದ ಚೀಲದಲ್ಲೇ ಇಟ್ಟುಕೊಂಡಿದ್ದ ಮೆತ್ತನೆ ಬಟ್ಟೆ ತೆಗೆಯಲು ಹೋದರೆ ಕೈಗೆ ಸಿಕ್ಕಿದ್ದು ಮೊಳದುದ್ದದ ಕಂಬಿ.

"ಅಮ್ಮಾ, ಮೊಮ್ಮಗಳಿಗೆ ಮೊದಲ ಉಡುಗೊರೆ ಕಬ್ಬಿಣವಾ?" ಮಗಳು ಆ ಸುಸ್ತಿನಲ್ಲೂ ನಕ್ಕಳು.

ಅವಳೂ ನಕ್ಕಳು. ಮರುಗಳಿಗೆ ಕಂಬಿಯನ್ನು ತಿರುಗಿಸಿ ನೋಡಿದಳು. ಎಣಿಸಿ ಕತ್ತರಿಸಿದ್ದು ನಾಲ್ಕೇ ತುಂಡು. ಒಂದು ಇಲ್ಲಿದೆ. ಅಂದರೆ ಒಂದು ಮೂಲೆ ಬೋಳು, ಮೇಲೆ ಕಾಂಕ್ರೀಟು ಆಗಲೇ ಬಿದ್ದಿರುತ್ತದೆ. ಬಿರುಕು ಬಿಟ್ಟರೆ ಚಪ್ಪಡಿ ದಂಡ, ಹೋಗಲಿ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿಟ್ಟರೆ? ಅದು ಯಾರದೋ ಮನೆಯ ಸೂರಾದರೆ? ಅದರ ಕೆಳಗೆ ಇಂಥದ್ದೇ ಒಂದು ಕೂಸು ಮಲಗಿದ್ದರೆ? ಮೇಸ್ತ್ರಿಗೆ ಫೋನು ಮಾಡಿ, ತಾನು ಬರುವ ತನಕ ತಂತಿ ಮುಟ್ಟಬೇಡಿ ಎಂದಳು.

ಬೆಳಗ್ಗೆ ಇಂಜಿನಿಯರಮ್ಮನ ಮುಂದೆ ಕಂಬಿ ಇಟ್ಟು, ತಪ್ಪು ನನ್ನದೇ ಎಂದು ಎಲ್ಲ ಹೇಳಿಬಿಟ್ಟಳು. ಇಂಜಿನಿಯರಮ್ಮ ಒಳಗಿನ ಕಂಬಿ ಪತ್ತೆ ಹಚ್ಚುವ ಪುಟ್ಟ ಯಂತ್ರವನ್ನು ಕಿಂಡಿಯ ಸುತ್ತ ಸರಿಸಿದಳು. ಮೊದಲ ಮೂಲೆಯಲ್ಲಿ ಅದು ಕೀ ಎಂದಿತು, ಎರಡನೆಯದರಲ್ಲೂ, ಮೂರನೆಯದರಲ್ಲೂ. ಮೂಲೆಯಕ್ಕ ಕಣ್ಣು ಮುಚ್ಚಿಕೊಂಡಳು.

ನಾಲ್ಕನೆಯದೂ ಕೀ ಎಂದಿತು.

ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಕಂಬಿ ಬಗ್ಗಿಸುವ ಗೊಣಗಣ್ಣ. ಕಂಬಿ ಕಟ್ಟುವ ಸಣ್ಣ ತಂತಿ ಜಾಸ್ತಿ ಸುರಿಯುತ್ತಾಳೆ ಎಂದು ಅವನಿಗೂ ಅವಳಿಗೂ ವರ್ಷಗಳಿಂದ ಜಟಾಪಟಿ.

"ನೀನು ಹಾಗೆ ಓಡಿದೆಯಲ್ಲ, ಮೂಲೆ ಬೋಳು ಕಾಣಿಸ್ತು. ನಾನೇ ಒಂದು ತುಂಡು ಕತ್ತರಿಸಿ ಕಟ್ಟಿದೆ. ನಿನ್ನಷ್ಟು ಚೆಂದ ಬರಲಿಲ್ಲ. ಇನ್ನು ಅದನ್ನ ಯಾರು ನೋಡ್ತಾರೆ ಬಿಡು."

"ಒಂದು ಮಾತು ಹೇಳಬಾರದಿತ್ತಾ ಅಣ್ಣಾ? ಜೀವ ಬಾಯಿಗೆ ಬಂದಿತ್ತು ನಂಗೆ."

"ಬಾಣಂತಿ ಪಕ್ಕ ಕೂತವಳಿಗೆ ಫೋನ್ ಮಾಡಿ ಕಂಬಿ ಸುದ್ದಿ ಹೇಳಲಾ?"

ಬಿಗಿದ ತಂತಿಗಳನ್ನು ಕತ್ತರಿಸಿದರು. ಅವಳು ಮಂಡಿಯೂರಿ ನಾಲ್ಕೂ ಮೂಲೆಗಳ ಮೇಲೆ ಬೆರಳಾಡಿಸಿದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ನಾಲ್ಕನೆಯದನ್ನು ಮಾತ್ರ, ಕೂಸಿನ ಕೆನ್ನೆಯೇನೋ ಎಂಬಂತೆ, ಇನ್ನೊಮ್ಮೆ ಸವರಿ ಆಸ್ಪತ್ರೆಗೆ ಹೊರಟಳು. ಗೊಣಗಣ್ಣ ಅಂಗಳದ ಬಾಗಿಲಲ್ಲೇ ತಡೆದು, ಅವಳ ಚೀಲವನ್ನು ಬೋರಲು ಹಾಕಿ ನೋಡಿಯೇ ಹೊರಗೆ ಬಿಟ್ಟ.